ಹಡಗು ಅಲ್ಲಾಡುವುದಿಲ್ಲ ಎಂದವನು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಂಡಿರುತ್ತದೆ. ‘ಗೊತ್ತಿಲ್ಲ’ ಎನ್ನುವ ಮಾತು ಅವರ ಬಾಯಿಂದ ಹೊರಡುವುದೇ ಇಲ್ಲ. ತರಗತಿಯಲ್ಲಾದರೆ ‘ಅದು ಮುಂದಿನ ಪಾಠದಲ್ಲಿ ಬರುತ್ತೆ’ ಎಂದು ಜಾರಿಕೊಳ್ಳಬಹುದು. ನಿವೃತ್ತನಾದ ಮೇಲೆ ಮುಂದಿನ ಪಾಠವೂ ಇಲ್ಲ, ಕೇಳುವ ಮಕ್ಕಳೂ ಇಲ್ಲ. ಹಾಗಾಗಿ ಸಿಕ್ಕಿದವರಿಗೆಲ್ಲ ಸಿಕ್ಕಿದ್ದನ್ನು ವಿವರಿಸುವುದು ನನಗೆ ಅಭ್ಯಾಸವಾಗಿ ಹೋಯಿತು. ತಿಪಟೂರಿನ ನಮ್ಮ ಬೀದಿಯಲ್ಲಿ ನನ್ನನ್ನು ದೂರದಿಂದ ಕಂಡು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಕೂರುವವರು ಇದ್ದಾರೆ. ಅದೆಲ್ಲ ಇರಲಿ. ಈಗ ಹೇಳಹೊರಟಿರುವುದು ಈ ಕಾಯಿಲೆಯಿಂದ ನಾನು ಮಾಡಿದ ಒಂದು ನಾಚಿಕೆಗೇಡಿನ ಕೆಲಸವನ್ನು. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ನನ್ನ ಅಕ್ಕನನ್ನು ಶೆಟ್ಟಿಕೆರೆಗೆ ಕೊಟ್ಟಿದ್ದಾರೆ. ತೋಟ, ಎಮ್ಮೆ, ಭಾವ, ಇಷ್ಟರಲ್ಲೇ ಅರವತ್ತೆಂಟು ತುಂಬಿದವಳು. ಅವಳು ಎಲ್ಲಿಗೂ ಹೋಗದಿದ್ದುದಕ್ಕೆ ಕಾರಣ ಒಂದೇ, ಬಸ್ಸು ಹತ್ತಿದರೆ ವಾಂತಿ. ಚಿಕ್ಕನಾಯಕನಹಳ್ಳಿಗೆ ಹೋಗಬೇಕಾದರೂ ಮೂಗಿನ ಹತ್ತಿರ ನಿಂಬೆಹಣ್ಣು, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಮಾತ್ರೆ. ಕಂಡಕ್ಟರುಗಳಿಗೆಲ್ಲ ಅವಳ ಗುರುತು. ಅವಳನ್ನು ಕಂಡ ಕೂಡಲೇ ಡ್ರೈವರನ ಹಿಂದಿನ ಸೀಟು ಖಾಲಿ ಮಾಡಿಸುತ್ತಿದ್ದರು, ಅವಳ ಮೇಲಿನ ಗೌರವಕ್ಕಿಂತ ಬಸ್ಸಿನ ಮೇಲಿನ ಪ್ರೀತಿಯಿಂದ. ಇಂಥವಳಿಗೆ ಇದ್ದ ಆಸೆ ಮಾತ್ರ ಒಂದೇ, ಸಾಯುವುದರೊಳಗೆ ಸಮುದ್ರ ನೋಡಬೇಕು. ದಡದಲ್ಲಿ ನಿಂತಲ್ಲ, ನಡುವೆ ಹೋಗಿ, ಸುತ್ತ ನೀರು ಬಿಟ್ಟರೆ ಬೇರೇನೂ ಕಾಣದ ಕಡೆ ನಿಂತು.

ನಾನು ನಿವೃತ್ತನಾದ ವರ್ಷ, ಮುಂಬೈಯಿಂದ ಹೊರಟು ಎರಡು ದಿನ ಸಮುದ್ರ ಸುತ್ತಿಸಿ ತರುವ ದೊಡ್ಡ ಹಡಗಿನ ವಿಷಯ ಮೊಬೈಲಿನಲ್ಲಿ ನೋಡಿದೆ. ಅದೇ ಭಾನುವಾರ ಶೆಟ್ಟಿಕೆರೆಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳ ಮುಖ ಅರಳಿತು, ಆಮೇಲೆ ಬಾಡಿತು. ಬಸ್ಸೇ ಆಗದವಳಿಗೆ ಹಡಗು ಆದೀತೇ ಎಂದಳು. ನನಗೆ ಬೇಕಾಗಿದ್ದೂ ಅಂಥ ಒಂದು ಪ್ರಶ್ನೆಯೇ.

ಎಮ್ಮೆ ನೀರು ಕುಡಿಯುವ ಕಲ್ಲುತೊಟ್ಟಿಯ ಹತ್ತಿರ ಅಕ್ಕನನ್ನೂ ಭಾವನನ್ನೂ ಕರೆದುಕೊಂಡು ಹೋದೆ. ನೀರಿನ ಮೇಲೆ ಒಂದು ತೆಂಗಿನ ಚಿಪ್ಪು ತೇಲಿಬಿಟ್ಟು ಕೈಯಿಂದ ಅಲೆ ಎಬ್ಬಿಸಿದೆ. ಚಿಪ್ಪು ಕುಣಿದಾಡಿತು. ಇದು ಸಣ್ಣ ದೋಣಿ ಎಂದೆ. ಆಮೇಲೆ ಮದುವೆ ಅಡುಗೆಯ ಅಗಲ ತಟ್ಟೆಯಂಥ ದೊಡ್ಡ ಪರಾತ ತರಿಸಿ ತೇಲಿಬಿಟ್ಟೆ. ಅದೇ ಅಲೆಗೆ ಅದು ಅಷ್ಟೇನೂ ಜಗ್ಗಲಿಲ್ಲ. ಇದು ನಮ್ಮ ಹಡಗು, ನಮ್ಮ ಊರಿನ ಮನೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದಷ್ಟು ದೊಡ್ಡದು ಎಂದೆ. ಕೊನೆಗೆ ತೆಂಗಿನ ಮಟ್ಟೆಯ ಎರಡು ಸೀಳನ್ನು ಪರಾತದ ಎರಡು ಪಕ್ಕಕ್ಕೆ ಹಿಡಿದು, ಹಡಗಿನ ಹೊಟ್ಟೆಯ ಇಕ್ಕೆಲದಲ್ಲಿ ನೀರೊಳಗೆ ಹೀಗೇ ಮೀನಿನ ರೆಕ್ಕೆಯಂಥವು ಇರುತ್ತವೆ, ಹಡಗು ವಾಲುವ ಮೊದಲೇ ಕಂಪ್ಯೂಟರು ಅವನ್ನು ತಿರುಗಿಸಿ ನೆಟ್ಟಗೆ ನಿಲ್ಲಿಸುತ್ತದೆ ಎಂದು ವಿವರಿಸಿದೆ. ಅಷ್ಟರಲ್ಲಿ ಎಮ್ಮೆ ಬಂದು ತೊಟ್ಟಿಗೆ ಮೂತಿ ಹಾಕಿತು. ಪರಾತ ಮಗುಚಿಕೊಂಡಿತು. ಭಾವ ಕೆಮ್ಮಿದರು. ಸಮುದ್ರದಲ್ಲಿ ಎಮ್ಮೆ ಇರುವುದಿಲ್ಲ ಎಂದು ನಾನು ಪಾಠ ಮುಗಿಸಿದೆ.

ಟಿಕೆಟು ಮಾಡಿಸುವಾಗ ಟ್ರಾವೆಲ್ಸಿನವನು, ವಯಸ್ಸಾದವರಾದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ರೂಮು ತೆಗೆದುಕೊಳ್ಳಿ ಸಾರ್ ಎಂದ. ನನಗೆ ನಗು ಬಂತು. ನಮ್ಮ ಕಡೆಯ ಬಸ್ಸಿನಲ್ಲಿ ಓಡಾಡಿದವರಿಗೆ ಯಾವ ಸೀಟು ಒಳ್ಳೆಯದೆಂದು ಹೇಳಿಕೊಡಬೇಕೇ? ಹಿಂದೆ ಕೂತರೆ ತಲೆ ಸೂರಿಗೆ ಬಡಿಯುತ್ತದೆ, ಮುಂದೆ ಕೂತರೆ ಸುಖ. ಆದ್ದರಿಂದ ಹಡಗಿನ ತೀರಾ ಮುಂದೆ, ಗಾಳಿಯೂ ಸಿಗಲಿ ಎಂದು ತೀರಾ ಮೇಲೆ, ರೂಮು ಹಿಡಿದೆ.

ಹೊರಡುವ ದಿನ ಅಕ್ಕ ಅಭ್ಯಾಸದಂತೆ ಸೆರಗಿಗೆ ಮಾತ್ರೆ ಗಂಟು ಹಾಕುತ್ತಿದ್ದಳು. ಭಾವನ ಎದುರಿಗೇ ನಾನು, “ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ಅಕ್ಕ?” ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಗಂಟು ಬಿಚ್ಚಿ ಮಾತ್ರೆಯನ್ನು ದೇವರ ಗೂಡಿನಲ್ಲಿಟ್ಟಳು. ನಿಂಬೆಹಣ್ಣೊಂದನ್ನು ಮಾತ್ರ ಬಿಡಲಿಲ್ಲ. ಎಮ್ಮೆ ನೋಡಿಕೊಳ್ಳಲು ಭಾವ ಊರಲ್ಲೇ ಉಳಿದರು, ನಾವಿಬ್ಬರೇ ಮುಂಬೈಗೆ ರೈಲಿನಲ್ಲಿ ಹೋದೆವು, ರೈಲು ಅವಳಿಗೇನೂ ಮಾಡಲಿಲ್ಲ.

ಮೊದಲ ದಿನ ನಾನು ಹೇಳಿದಂತೆಯೇ ಆಯಿತು. ಹಡಗು ಹೊರಟದ್ದೇ ಗೊತ್ತಾಗಲಿಲ್ಲ. ಅಕ್ಕ ಬಾಲ್ಕನಿಯಲ್ಲಿ ನಿಂತು, ಎಷ್ಟು ದೊಡ್ಡ ಹೊಲ, ಎಲ್ಲೂ ಒಂದು ಬದು ಇಲ್ಲವಲ್ಲ ಎಂದು ಬೆರಗಾದಳು. ನಾನು ಹಡಗನ್ನು ನಾನೇ ಕಟ್ಟಿಸಿದವನಂತೆ ಓಡಾಡಿದೆ.

ಎರಡನೆಯ ದಿನ ಬೆಳಗಿನ ತಿಂಡಿಯಾದ ಮೇಲೆ ಗಾಳಿ ಎದ್ದಿತು. ಹಡಗು ಪಕ್ಕಕ್ಕೆ ವಾಲಲಿಲ್ಲ. ರೆಕ್ಕೆಗಳು ತಮ್ಮ ಕೆಲಸ ಮಾಡುತ್ತಿದ್ದವು. ಆದರೆ ಮೂತಿ ಮೆಲ್ಲಗೆ ಮೇಲೆದ್ದು ಮೆಲ್ಲಗೆ ಇಳಿಯತೊಡಗಿತು. ಮಕ್ಕಳು ದಿಮ್ಮಿಯ ಎರಡು ತುದಿಗೆ ಕೂತು ಏರಿಳಿದು ಆಡುತ್ತಾರಲ್ಲ, ಹಾಗೆ. ಆ ಆಟದಲ್ಲಿ ನಡುವೆ ಕೂತವನಿಗೆ ಏನೂ ಆಗುವುದಿಲ್ಲ. ನಾವು ತುತ್ತತುದಿಯಲ್ಲಿದ್ದೆವು. ಅಕ್ಕ ಮಂಚದ ಮೇಲೆ ಕೂತು ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಂಡಳು. ನನ್ನ ಹೊಟ್ಟೆಯೂ ತೊಳಸಿತು. ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದೆ. ಶೇವಿಂಗ್ ಸಾಮಾನಿನ ಚೀಲ ತಡಕಿದಾಗ ಕೈಗೊಂದು ಮಾತ್ರೆಯ ಹಾಳೆ ಸಿಕ್ಕಿತು. ನನ್ನ ಹೆಂಡತಿಯೂ ಟೀಚರು, ಶಾಲೆಯಲ್ಲಿ ರಜೆ ಸಿಗದೆ ಊರಲ್ಲೇ ಉಳಿದಿದ್ದಳು. ಅಕ್ಕನಿಗೆ ಬೇಕಾಗಬಹುದು ಎಂದು ಅವಳೇ ಇಟ್ಟಿದ್ದಳು, ನನಗೆ ಹೇಳಿಯೂ ಇದ್ದಳು.

ನಾನು ಒಂದು ಮಾತ್ರೆ ನುಂಗಿದೆ. ಉಳಿದವನ್ನು ಚೀಲದ ತಳಕ್ಕೆ ತುರುಕಿದೆ.

ಯಾಕೆ ಕೊಡಲಿಲ್ಲ? ಕೊಟ್ಟರೆ ಹಡಗು ಅಲ್ಲಾಡುತ್ತಿದೆ ಎಂದು ಒಪ್ಪಿಕೊಂಡಂತೆ. ತೊಟ್ಟಿ, ಪರಾತ, ಮಟ್ಟೆ ಎಲ್ಲ ಸುಳ್ಳಾಗುತ್ತಿತ್ತು. ಸ್ವಲ್ಪ ಹೊತ್ತು ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಅವಳಿಗೆ ಶುರುವಾಗಿಯೇ ಹೋಯಿತು. ವಾಂತಿ ಶುರುವಾದ ಮೇಲೆ ಮಾತ್ರೆ ಕೊಟ್ಟೂ ಪ್ರಯೋಜನವಿಲ್ಲ ಎಂಬ ಒಂದು ವೈಜ್ಞಾನಿಕ ಕಾರಣವೂ ನನಗೆ ಹೊಳೆಯಿತು. ಬಕೆಟ್ಟು ಹಿಡಿದು ಅವಳ ಬೆನ್ನು ಸವರುತ್ತ ನಾನು ಹೇಳಿದ ಮಾತು ಇದು: “ನೋಡು, ನನಗೇನೂ ಆಗಿಲ್ಲ. ಎಲ್ಲ ಮನಸ್ಸಿನ ಭಾವನೆ ಅಕ್ಕ.” ಅವಳು ಹೌದೆನ್ನುವಂತೆ ತಲೆಯಾಡಿಸಿ ಮತ್ತೆ ಬಕೆಟ್ಟಿಗೆ ಬಗ್ಗಿದಳು.

ಮಧ್ಯಾಹ್ನ ರೂಮು ಗುಡಿಸಲು ಬಂದ ಹುಡುಗಿ ಅಕ್ಕನ ಸ್ಥಿತಿ ನೋಡಿ, ಕೈಹಿಡಿದು ಕೆಳಗಿನ ಅಂತಸ್ತಿಗೆ, ಹಡಗಿನ ನಡುಮಧ್ಯಕ್ಕೆ ಕರೆದೊಯ್ದು ಒಂದು ಸೋಫಾದ ಮೇಲೆ ಕೂರಿಸಿದಳು. ಅರ್ಧ ಗಂಟೆಯಲ್ಲಿ ಅಕ್ಕನ ಮುಖಕ್ಕೆ ಬಣ್ಣ ಬಂತು. ಆ ಹುಡುಗಿ ನನ್ನ ಕಡೆ ತಿರುಗಿ ಹಿಂದಿಯಲ್ಲಿ, ಮುಂದಿನ ತುದಿಯೇ ಎಲ್ಲಕ್ಕಿಂತ ಹೆಚ್ಚು ಏರಿಳಿಯುವ ಜಾಗ, ಅಮ್ಮನನ್ನು ಅಲ್ಲಿ ಯಾಕೆ ಇಟ್ಟಿರಿ ಎಂದು ಕೇಳಿದಳು. ಏನಂತೆ ಎಂದು ಅಕ್ಕ ಕೇಳಿದಳು. ಬೇಗ ಹುಷಾರಾಗ್ತೀರಿ ಅಂತಿದ್ದಾಳೆ ಎಂದೆ. ಆಮೇಲೆ ಊಟದ ಹಾಲಿಗೆ ಹೋಗಿ ಎರಡು ಸಲ ಬಡಿಸಿಕೊಂಡು ತಿಂದೆ. ಮಾತ್ರೆ ಒಳ್ಳೆಯದಿತ್ತು.

ಊರಿಗೆ ಬಂದ ಮೇಲೆ ಅಕ್ಕ ಎಲ್ಲರ ಹತ್ತಿರವೂ ಒಂದೇ ಮಾತು ಹೇಳಿದಳು. ಹಡಗೇನೋ ಅಲ್ಲಾಡಲಿಲ್ಲ, ತನ್ನ ತಲೆಯೇ ಸರಿಯಿಲ್ಲ, ತಮ್ಮ ಮಾತ್ರ ಬಂಡೆಯ ಹಾಗೆ ಕೂತಿದ್ದ, ಅವನು ಓದಿದವನು. ಅರಳಗುಪ್ಪೆಯ ನೆಂಟರ ಮದುವೆಯಲ್ಲಿ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಕೇಳುವಂತೆ ಇದನ್ನೇ ಹೇಳಿದಳು. ನಾನು ಎಲೆಯ ಮೇಲಿನ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದೆ. ಹೊಗಳಿಸಿಕೊಳ್ಳುವುದು ಇಷ್ಟು ಹಿಂಸೆ ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ಮಾತ್ರೆ ಉಪಯೋಗಕ್ಕೆ ಬಂತಾ ಎಂದು ಕೇಳಿದಾಗ, ಬಂತು ಎಂದೆ. ಅದೊಂದು ಮಾತ್ರ ನಿಜ.

ಕೊನೆಗೆ ತಡೆಯಲಾರದೆ ಹೋದ ತಿಂಗಳು ಶೆಟ್ಟಿಕೆರೆಗೆ ಹೋದೆ. ಅಟ್ಟದಿಂದ ಒಣಗಿದ ತೆಂಗಿನಕಾಯಿ ಇಳಿಸಿದ್ದರು. ಅಕ್ಕ ಅಂಗಳದಲ್ಲಿ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗೆ ಕೊಬ್ಬರಿ ಗಟಗಟ ಎಂದರೆ ಈ ಕಡೆ ಹಾಕುತ್ತಿದ್ದಳು, ನೀರಿನ ಸದ್ದು ಇನ್ನೂ ಇದ್ದರೆ ಆ ಕಡೆ. ಭಾವ ತೋಟಕ್ಕೆ ಹೋಗುವವರೆಗೆ ಕಾದಿದ್ದು, ನೆಲ ನೋಡುತ್ತ ಹೇಳಿದೆ: “ಅಕ್ಕ, ಅವತ್ತು ನನ್ನ ಹತ್ರ ಮಾತ್ರೆ ಇತ್ತು. ನಿನಗೆ ಕೊಡದೆ ನಾನು ನುಂಗಿದೆ.”

ಅಕ್ಕ ಕೈಯಲ್ಲಿದ್ದ ಕಾಯಿ ಅಲ್ಲಾಡಿಸಿ, ಕೇಳಿ, ಈ ಕಡೆಗೆ ಹಾಕಿದಳು.

“ಗೊತ್ತು ಕಣಪ್ಪ. ಹಡಗು ಮೇಲಕ್ಕೆದ್ದೇಟ್ಗೆ ಬಚ್ಚಲು ಬಾಗ್ಲು ತಾನೇ ತೆರ್ಕಂತು. ಮಂಚದ ಮ್ಯಾಲಿಂದ ಎಲ್ಲಾ ಕಾಣ್ತಿತ್ತು.”

ನನಗೆ ಅಲ್ಲೇ ಭೂಮಿಗೆ ಇಳಿದು ಹೋಗಬೇಕೆನಿಸಿತು. ಮತ್ತೆ ಯಾಕೆ ಕೇಳಲಿಲ್ಲ ಎಂದೆ.

“ಕೇಳಿದ್ರೆ ಕೊಡ್ತಿದ್ದೆ ನೀನು. ಆಮೇಲೆ ನನ್ನ ಮಕ ನೋಡಕ್ಕೆ ನಿಂಗೆ ಆಯ್ತಿರ್ಲಿಲ್ಲ. ಅಷ್ಟು ದೂರ ಆಸೆಪಟ್ಟು ಕರ್ಕಂಡೋಗಿದ್ದೆ. ಒಂದಿನದ ವಾಂತಿ ತಾನೆ, ಬುಡು ಅಂತ ಸುಮ್ಕಾದೆ.”

ಆಗ ನಾನು ಅವಳ ಕಾಲು ಮುಟ್ಟಬೇಕಿತ್ತು. ತಪ್ಪಾಯಿತು ಎಂದಾದರೂ ಹೇಳಬೇಕಿತ್ತು. ಕಣ್ಣು ತುಂಬಿದ್ದು ನಿಜ. ಆದರೆ ಕಣ್ಣೊರೆಸಿಕೊಂಡ ಕೂಡಲೇ ನನ್ನ ಬಾಯಿಂದ ಬಂದ ಮಾತು, “ಅಲ್ಲ ಅಕ್ಕ, ಆ ರೆಕ್ಕೆ ಇರೋದು ಹಡಗು ಪಕ್ಕಕ್ಕೆ ವಾಲದ ಹಾಗೆ ತಡೆಯೋಕೆ ಮಾತ್ರ, ಮೂತಿ ಏರಿಳಿಯೋದನ್ನ ಅದು ತಡೆಯಲ್ಲ...” ಎಂದು. ಅಕ್ಕ ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕೊನೆಯವರೆಗೂ ಹೂಂಗುಟ್ಟುತ್ತ ಕೇಳಿದಳು.