ನೀರನ್ನು ಬುಟ್ಟಿಗೆ ಹಾಕಿದ ನೀರುಗಂಟಿ

"ಇನ್ಮೇಲೆ ವಾಲ್ವ್ ತಿರುಗಿಸೋ ಕಷ್ಟ ಯಾರಿಗೂ ಇಲ್ಲ!" ಎಂದು ನೆರೆಮನೆಯ ಷಡಕ್ಷರಿ ನೀರಿನ ಟ್ಯಾಂಕಿನ ಬುಡದಲ್ಲಿ ನಿಂತು ಘೋಷಿಸಿದರು. ಪಕ್ಕದಲ್ಲಿ ಆರು ಕೈ, ನಾಲ್ಕು ಚಕ್ರಗಳ ಯಂತ್ರ ಮಿನುಗುತ್ತಿತ್ತು. ಅದಕ್ಕೆ 'ನೀರುಗಂಟಿ' ಎಂದು ಹೆಸರಿಟ್ಟಿದ್ದರು.

ತುಮಕೂರಿನ ನಮ್ಮ ಕಾಲೊನಿಯ ಇಪ್ಪತ್ನಾಲ್ಕು ಮನೆಗೆ ನೀರು ಬರುವುದು ವಾರಕ್ಕೆರಡು ದಿನ, ಒಂಬತ್ತರಿಂದ ಹನ್ನೊಂದರವರೆಗೆ. ಅಂದೇ ನನ್ನ ತಂಗಿ ಹೇಮಲತೆಯ ಸೀಮಂತ. ಮನೆಯಲ್ಲಿ ಒಂದು ಕೊಡ ನೀರಿಲ್ಲ!

"ಇದರ ಪ್ರೋಗ್ರಾಮ್ ಎಲ್ಲಾ ನೀವೇ ಬರೆದ್ರಾ?" ಎಂದೆ.

"ಛೆ! ಫ್ರೇಮ್‌ವರ್ಕ್ ಹಾಕಿದೀನಿ. ಲಾಗಿನ್, ಪಾಸ್‌ವರ್ಡ್, ಪುಟಗಳು, ಎಲ್ಲಾ ಬೇರೆಯವರು ಬರೆದಿಟ್ಟಿರ್ತಾರೆ. ನಾವು ಮೇಲೊಂದಿಷ್ಟು ಸೇರಿಸಿದ್ರೆ ಆಯ್ತು."

"ಒಂದು ನಲ್ಲಿ ತಿರುಗಿಸೋಕೆ ಎರಡು ಲಕ್ಷ ಸಾಲು!" ಅವರ ಹೆಂಡತಿ ಕುಮುದಾ ಮೂಗು ಮುರಿದಳು. ಅವಳೂ ಪ್ರೋಗ್ರಾಮರ್. "ಅದರೊಳಗೆ ಏನಿದೆ ಅಂತ ನಿಮಗೇ ಗೊತ್ತಿಲ್ಲ."

"ನೀನು ಕೈಯಾರೆ ಬರೆದದ್ದು ನಿನಗೊಬ್ಬಳಿಗೇ ಗೊತ್ತಿತ್ತು! ನಿನಗೆ ಟೈಫಾಯ್ಡ್ ಬಂದಾಗ ಅದು ಕೆಟ್ಟು, ಒಂಬತ್ತು ದಿನ ಕಾಲೊನಿಗೆ ನೀರಿರಲಿಲ್ಲ!"

ಅದು ನಿಜವೇ.

ನಾನು ಮೊಬೈಲಿನಲ್ಲಿ ಮನೆ ನಂಬರ್ ಒತ್ತಿದೆ. ಯಂತ್ರ ಇಂಪಾಗಿ ಉಲಿಯಿತು: "ನೀರನ್ನು ನಿಮ್ಮ ಬುಟ್ಟಿಗೆ ಸೇರಿಸಲಾಗಿದೆ!"

"ಬುಟ್ಟಿಯಲ್ಲಿ ನೀರು ನಿಲ್ಲುತ್ತೇನ್ರೀ?"

"ಅಯ್ಯೋ, ಈ ಫ್ರೇಮ್‌ವರ್ಕನ್ನ ಆನ್‌ಲೈನ್ ಅಂಗಡಿಗಳಿಗೆ ಅಂತ ಮಾಡಿದ್ದಾರೆ. ಒಂದ್ನಿಮಿಷ!" ಷಡಕ್ಷರಿ ಬೆವರುತ್ತಾ ಕೀಲಿಮಣೆಯನ್ನು ಕುಟ್ಟಿದರು.

ಅಷ್ಟರಲ್ಲಿ ಯಂತ್ರ ತಾನಾಗಿಯೇ ಹೊಸ ಆವೃತ್ತಿಯನ್ನು ಇಳಿಸಿಕೊಂಡಿತು. ಹೊಸದರಲ್ಲಿ 'ತೆರೆ' ಎಂಬ ಆಜ್ಞೆಯನ್ನೇ ಕಿತ್ತುಹಾಕಿದ್ದರು! ಆರೂ ಕೈಗಳು ಗಾಳಿಯಲ್ಲಿ ತೇಲಾಡಿದವು. ನಾವೇ ತಿರುಗಿಸೋಣವೆಂದರೆ ವಾಲ್ವ್‌ಗಳ ಹಿಡಿಗಳನ್ನು ಷಡಕ್ಷರಿ ಆಗಲೇ ಬಿಚ್ಚಿ ಗುಜರಿಗೆ ಹಾಕಿದ್ದರು. ಗಂಟೆ ಹತ್ತು ಹೊಡೆಯಿತು. ಹೇಮಲತೆಯಿಂದ ಫೋನ್: "ಅಕ್ಕಾ, ಅನ್ನಕ್ಕಿಡೋಕೂ ನೀರಿಲ್ಲ ಕಣೇ!"

"ಹೊಸ ಆವೃತ್ತಿಯ ಜೊತೆ ಮಾದರಿ ಮನೆಯ ಚಿತ್ರ ಬಂದಿದೆ. ನೀಲಿ ಬಾಗಿಲು, ನಂಬರ್ ಒಂದು. ಹೊಂದದ ಮನೆಗಳು: ಇಪ್ಪತ್ನಾಲ್ಕು!" ಎಂದಿತು ಯಂತ್ರ. ಟ್ಯಾಂಕಿಗೆ ಬಳಿಯಲು ತಂದಿಟ್ಟ ನೀಲಿ ಬಣ್ಣದ ಡಬ್ಬಗಳನ್ನೂ ಬ್ರಷ್ಷುಗಳನ್ನೂ ಎತ್ತಿಕೊಂಡು ಗಡಗಡನೆ ಹೊರಟೇಹೋಯಿತು!

"ಅದರ ಹಿಂದೆ ಓಡ್ಬೇಡಿ, ಮೊದಲು ನೀರು!" ಕುಮುದಾ ಲ್ಯಾಪ್‌ಟಾಪ್ ತೆರೆದು ಕಲ್ಲಿನ ಮೇಲೆ ಕೂತಳು. ಹಿಂದೆ ತಾನೇ ವಾಲ್ವ್‌ಗಳಿಗೆ ಕೂರಿಸಿದ್ದ ಮೋಟಾರಿಗೆ ನೇರ ತಂತಿ ಸಿಕ್ಕಿಸಿ ಬರೆಯತೊಡಗಿದಳು. ಹದಿನೇಳು ಸಾಲು, ಅಷ್ಟೇ! ನಾನು ಗಡಿಯಾರ ನೋಡುತ್ತಾ ಅತ್ತಿಂದಿತ್ತ ಶತಪಥ ಹಾಕಿದೆ.

ಷಡಕ್ಷರಿ ಅವಳ ಭುಜದ ಮೇಲಿಂದ ಇಣುಕಿದರು. "ಪ್ರತಿ ಸಾಲಿನ ಪಕ್ಕ ಅರ್ಥ ಬರಿ. ನಿನಗೆ ಮತ್ತೆ ಜ್ವರ ಬಂದ್ರೆ ನಾನು ಓದ್ಬೇಕು."

"ನೀವು ಓದ್ತೀರಾ?"

"ಓದ್ತೀನಿ ಮಾರಾಯ್ತಿ!"

ಅವಳು ಬರೆದಳು. ಹತ್ತೂ ನಲವತ್ತಕ್ಕೆ ಕೊಳವೆಗಳು ಗೊರಗೊರ ಎಂದವು. ನೀರು! ನನಗೆ ಅಳುವೇ ಬಂತು.

ಮೂವರೂ ಬೀದಿಗೆ ಓಡಿದೆವು. ಇಪ್ಪತ್ನಾಲ್ಕೂ ಬಾಗಿಲು ನೀಲಿ! ಪ್ರತಿಯೊಂದರ ಮೇಲೂ 'ಮನೆ ನಂಬರ್ ೧'. ಯಂತ್ರ ಮೂಲೆಯಲ್ಲಿ ಬಣ್ಣ ಮುಗಿದು ಕೈಕಟ್ಟಿ ನಿಂತಿತ್ತು, ಆರೂ ಕೈ! ಹೇಮಲತೆ ಮಾತ್ರ ನಮ್ಮ ಮನೆಯಲ್ಲಿ ಒಬ್ಬಳೇ ಕೂತಿದ್ದಳು. ಅವಳ ಅತ್ತೆ ಮನೆಯವರ ಪತ್ತೆಯೇ ಇಲ್ಲ.

ಹುಡುಕುತ್ತಾ ಹೋದರೆ ನಾಲ್ಕನೇ ಮನೆಯಿಂದ ಅವರ ಸೋಬಾನೆ ಕೇಳಿಸಿತು. ಒಳಗೆ, ಆ ಮನೆಯಲ್ಲಿ ಒಬ್ಬರೇ ವಾಸಿಸುವ ನಿವೃತ್ತ ಪೋಸ್ಟ್‌ಮಾಸ್ಟರ್ ರುದ್ರಮುನಿಯವರು ಎರಡೂ ಕೈಗೆ ಹಸಿರು ಬಳೆ ತೊಟ್ಟು, ಮಡಿಲು ತುಂಬಿಸಿಕೊಂಡು, ಆರತಿಗೆ ತಲೆ ಬಾಗಿಸಿ ಕೂತಿದ್ದರು.

"ಬೇಡ ಅಂತ ಹೇಳ್ಬಾರದಿತ್ತೇನ್ರೀ?" ಎಂದೆ.

"ಹೇಳೋಣ ಅಂತಲೇ ಇದ್ದೆ," ಎಂದರು, "ಅಷ್ಟರಲ್ಲಿ ಹೋಳಿಗೆ ಬಡಿಸಿಬಿಟ್ಟರು."