ಸತ್ತವರಿಗೆ ಮೊದಲು ಸ್ನಾನ, ಆಮೇಲೆ ಉಪ್ಪಿಟ್ಟು

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಒಬ್ಬ ಹುಡುಗ ಹತ್ತು ಸಲ ಸತ್ತ. ಹತ್ತೂ ಸಲ ನಗುನಗುತ್ತಾ ಉಪ್ಪಿಟ್ಟು ತಿಂದ. ಹನ್ನೊಂದನೇ ಸಲ ಸಾಯದೆ ಉಳಿದ. ಅವತ್ತು ಗಳಗಳನೆ ಅತ್ತ. ಯಾರವನು?

ಬಿಡಿ, ನಿಮ್ಮ ಕೈಲಿ ಆಗೋದಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ, ನನಗೇ ಪೂರ್ತಿ ಅರ್ಥವಾಗಿಲ್ಲ. ಗೋರೆಗಾಂವ್ ಸ್ಟೇಷನ್ನಿಂದ ಹತ್ತು ನಿಮಿಷ ನಡೆದರೆ ನಮ್ಮ ನಾಲ್ಕು ಮಾಳಿಗೆಯ ಬಿಲ್ಡಿಂಗು. ಅಲ್ಲಿ ಇಂಥದ್ದು ತಿಂಗಳಿಗೊಂದು ಆಗುತ್ತಲೇ ಇರುತ್ತೆ, ಆದಾಗೆಲ್ಲ ಜನ ನನ್ನ ಮುಖ ನೋಡ್ತಾರೆ. ಕೆಲವು ನಾನೇ ಮಾಡಿದ್ದು, ಒಪ್ಪಿದೆ. ಉಳಿದವು ಹೇಗಾದವೋ ದೇವರಾಣೆ ಗೊತ್ತಿಲ್ಲ.

೧. ಇಲಿ

ಎರಡನೇ ಮಾಳಿಗೆಯಲ್ಲಿ ಮೈಸೂರು ಕಡೆಯ ಬ್ಯಾಂಕ್ ಆಫೀಸರ ಮನೆ. ಅವರ ಮಗ ನನ್ನ ಗೆಳೆಯ. ಅವನನ್ನು ಬ್ಯಾಂಕು ಅಂತಲೇ ಕರೀತಿದ್ದೆವು. ಹಡಗಿನಲ್ಲಿ ಕೆಲಸ ಮಾಡುವ ಅವನ ಸೋದರಮಾವ ಹೊರದೇಶದಿಂದ ಒಂದು ಆಟದ ಡಬ್ಬ ತಂದುಕೊಟ್ಟ. ಒಳಗೆ ಮಣೆ ಇಲ್ಲ, ಕಾಯಿ ಇಲ್ಲ. ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ, ಅಷ್ಟೆ. ಒಬ್ಬ ಕಥೆ ಹೇಳಬೇಕು: ಗುಹೆ ಬಂತು, ರಾಕ್ಷಸ ಬಂದ. ಉಳಿದವರು ಒಬ್ಬೊಬ್ಬ ವೀರನಾಗಿ, ಕೂತಲ್ಲೇ ಕೂತು, ‘ಕತ್ತಿ ಬೀಸಿದೆ’ ಅನ್ನಬೇಕು. ದಾಳದಲ್ಲಿ ದೊಡ್ಡ ಸಂಖ್ಯೆ ಬಂದರೆ ರಾಕ್ಷಸನಿಗೆ ಏಟು. ಒಂದು ಬಂದರೆ ವೀರನ ಕಥೆ ಮುಗೀತು.

ನಮ್ಮಲ್ಲಿ ಮೂರನೆಯವನು ಹೊಟೇಲು. ಸ್ಟೇಷನ್ ಹತ್ತಿರ ಉಡುಪಿ ಹೊಟೇಲು ನಡೆಸುವವರ ಮಗ. ಹೊಟೇಲಿನ ಮೇಲಿನ ಕೋಣೆಯಲ್ಲಿ ಅಪ್ಪ ಮತ್ತು ಆರು ಜನ ಅಡುಗೆಯವರ ಜೊತೆ ಇವನ ವಾಸ. ಅಮ್ಮ ಊರಲ್ಲಿ.

ಕಥೆ ಹೇಳುವ ಕೆಲಸ ನನಗೆ ಬಂತು. ಹತ್ತನೇ ಕ್ಲಾಸಿಗೆ ಎರಡು ಸಲ ಕೂತು ಎರಡು ಸಲವೂ ಅಲ್ಲೇ ಉಳಿದವನು ನಾನು, ಇಂಗ್ಲಿಷ್ ಪುಸ್ತಕ ಎಲ್ಲಿಂದ ಓದಲಿ?

“ಓದೋದು ಬೇಡ ಯಾರ್,” ಅಂದ ಬ್ಯಾಂಕು. “ಸುಳ್ಳು ಹೇಳೋಕೆ ಬಂದರೆ ಸಾಕು. ನಿನ್ನ ಬಿಟ್ಟು ಇನ್ಯಾರಿದ್ದಾರೆ?”

ಬ್ಯಾಂಕು ಎರಡು ದಿನ ಕೂತು ತನ್ನ ವೀರನನ್ನು ತಯಾರು ಮಾಡಿದ. ಹೆಸರು, ಎತ್ತರ, ಕತ್ತಿಯ ಉದ್ದ, ಗೋತ್ರ ಕೂಡ ಬರೆದ. ವೀರ ಗುಹೆಗೆ ಕಾಲಿಟ್ಟ. ಶುರುವಿಗೆ ಸಣ್ಣದೊಂದು ಇರಲಿ ಅಂತ ನಾನು ಇಲಿ ಬಿಟ್ಟೆ. ದಾಳ ಉರುಳಿತು. ಒಂದು. ಇಲಿ ಹೆಬ್ಬೆರಳು ಕಚ್ಚಿತು, ವೀರ ಸತ್ತ. ಒಟ್ಟು ನಾಲ್ಕು ನಿಮಿಷ.

ಬ್ಯಾಂಕಿನ ಮುಖ ಬಿಳಿಚಿಕೊಂಡಿತು. “ಇಲಿ ಕಚ್ಚಿ ಯಾರಾದರೂ ಸಾಯ್ತಾರೇನೋ?”

ನಾನು ಕಿಟಕಿಯಿಂದ ಕೆಳಗೆ ಕಸದ ಡಬ್ಬಿ ತೋರಿಸಿದೆ. ಅದರ ಅಂಚಿನಲ್ಲಿ ಒಂದು ಇಲಿ ಕೂತಿತ್ತು. ನಮ್ಮ ಬಿಲ್ಡಿಂಗಿನ ಬೆಕ್ಕು ಗೋಡೆಗೆ ಒತ್ತಿಕೊಂಡು ನಿಂತು, ಅದರ ಊಟ ಮುಗಿಯಲಿ ಅಂತ ಕಾಯುತ್ತಿತ್ತು.

ಬ್ಯಾಂಕು ತುಂಬ ಹೊತ್ತು ನೋಡಿ, “ಸಾಯಬಹುದು,” ಅಂದ.

೨. ಬೊರಿವಲಿ ಲೋಕಲ್

ಅಲ್ಲಿಂದ ಜಗಳ ಶುರು. ಒಬ್ಬ ಮನುಷ್ಯ ಎಷ್ಟು ಸುಲಭಕ್ಕೆ ಸಾಯಬೇಕು?

“ಒಂದೇ ಏಟಿಗೆ ಸತ್ತರೆ ನಾನು ಎರಡು ದಿನ ಬರೆದದ್ದು ಯಾಕೆ?” ಅಂತ ಬ್ಯಾಂಕು.

“ಕತ್ತಿ ಬಿದ್ದ ಮೇಲೆ ಸಾಯದೆ ಇನ್ನೆಂತ ಮಾಡುದು ಮಾರಾಯ?” ಅಂತ ಹೊಟೇಲು. ಅವನಿಗೆ ಚಿಂತೆ ಇರಲಿಲ್ಲ. ಅಪ್ಪನ ಹೊಟೇಲಿನ ಹಳೆ ಬಿಲ್ ಚೀಟಿಗಳ ಹಿಂಭಾಗದಲ್ಲಿ ವೀರ ಒಂದು, ವೀರ ಎರಡು, ವೀರ ಮೂರು ಅಂತ ಮೊದಲೇ ಬರೆದು, ತಟ್ಟೆ ಜೋಡಿಸಿದ ಹಾಗೆ ಜೋಡಿಸಿಟ್ಟಿದ್ದ. ಒಬ್ಬ ಹೋದರೆ ಇನ್ನೊಬ್ಬ.

ಇಬ್ಬರೂ ಹೇಳೋದು ಸರಿ ಅನ್ನಿಸಿ ನನಗೆ ತಲೆ ಕೆಟ್ಟಿತು. ಮನುಷ್ಯನ ದೇಹ ಎಷ್ಟು ಏಟು ತಡೆಯುತ್ತೆ ಅಂತ ನಾನೇ ಪರೀಕ್ಷೆ ಮಾಡೋಣ ಅಂತ ಸಂಜೆ ಆರೂವರೆಗೆ ಬಾಂದ್ರಾದಲ್ಲಿ ಬೊರಿವಲಿ ಲೋಕಲ್ ರೈಲು ಹತ್ತಿದೆ. ಹತ್ತಿದೆ ಅನ್ನೋದು ತಪ್ಪು, ಹತ್ತಿಸಲ್ಪಟ್ಟೆ. ಪಕ್ಕೆಗೆ ಮೂರು ಮೊಣಕೈ, ಕುತ್ತಿಗೆಗೆ ಒಂದು ಕೊಡೆ, ಕಾಲಿನ ಮೇಲೆ ಯಾರದೋ ಟಿಫಿನ್ ಡಬ್ಬ. ಗೋರೆಗಾಂವ್ ಬಂತು, ಹೋಯ್ತು, ಇಳಿಯೋಕೆ ಆಗಲಿಲ್ಲ. ಬೊರಿವಲಿಯಲ್ಲಿ ಒಂದೇ ಚಪ್ಪಲಿಯಲ್ಲಿ ಇಳಿದೆ. ಆದರೂ ಜೀವ ಇತ್ತು.

ಸರಿ, ಮನುಷ್ಯ ಅಷ್ಟು ಬೇಗ ಸಾಯೋದಿಲ್ಲ ಅಂತ ತೀರ್ಮಾನವಾಯ್ತು. ಮುಂದಿನ ಭಾನುವಾರ ಯಾರೂ ಸಾಯದ ಹಾಗೆ ಆಟ ನಡೆಸಿದೆ. ರಾಕ್ಷಸನೂ ಸಾಯಲಿಲ್ಲ. ಅದೇ ರಾಕ್ಷಸ, ಅದೇ ಗುಹೆ, ಎರಡು ಭಾನುವಾರ ಪೂರ್ತಿ ಹೊಡೆದಾಡಿದರು. ಕೊನೆಗೆ ಹೊಟೇಲು ಆಕಳಿಸಿ ಕೇಳಿದ, “ಇದು ಯುದ್ಧವಾ, ಸೊಸೈಟಿ ಮೀಟಿಂಗಾ?”

೩. ಅಜ್ಜಿಯ ಕಾನೂನು

ಬೇಜಾರಾಗಿ ಮತ್ತೆ ಸಾಯಿಸೋಕೆ ಶುರು ಮಾಡಿದೆ. ಅಡುಗೆಮನೆಯಲ್ಲಿದ್ದ ಬ್ಯಾಂಕಿನ ಅಜ್ಜಿಗೆ, “ಹೊಟೇಲು ಸತ್ತ,” ಅಂತ ನಾನು ಕೂಗಿದ್ದು ಕೇಳಿಸಿತು. ಸೌಟು ಹಿಡಿದೇ ಬಂದರು.

“ಏನೋ ಅದು, ಮನೆಯೊಳಗೆ ಸಾವು ಅಂತ?”

“ಆಟ ಅಜ್ಜಿ,” ಅಂದ ಬ್ಯಾಂಕು.

“ಆಟವೋ ಕೂಟವೋ. ನನ್ನ ಮನೇಲಿ ಸತ್ತವರು ಸ್ನಾನ ಮಾಡದೆ ತಿಂಡಿಗೆ ಕೈ ಹಾಕಕೂಡದು.”

ಹೊಟೇಲಿಗೆ ಶಾಸ್ತ್ರ ಗೊತ್ತಿತ್ತು. “ಅಜ್ಜಿ, ಸ್ನಾನ ಮಾಡುದು ಸತ್ತವನಲ್ಲ, ಸತ್ತವನ ಮನೆಯವರು.”

ಅಜ್ಜಿ ಸೌಟನ್ನು ಅವನ ಕಡೆ ತಿರುಗಿಸಿದರು. “ನಿಮ್ಮಮ್ಮ ಉಡುಪೀಲಿ ಇದ್ದಾಳೆ. ಅವಳನ್ನ ಎಲ್ಲಿಂದ ಕರೆಸಲಿ? ನೀನೇ ಮಾಡು ನಡಿ.”

ಸ್ಟೌ ಮೇಲೆ ನೀರು ಕಾಯಿಸಿ ಬಕೆಟ್ಟಿಗೆ ಬೆರೆಸಿಕೊಟ್ಟರು. ಹೊಟೇಲು ಹೊರಗೆ ಬಂದಾಗ ತಾವೇ ಟವೆಲ್ ಹಿಡಿದು ತಲೆ ಒರೆಸಿದರು. ಮೊದಲು ಅವನನ್ನು ಮಣೆ ಮೇಲೆ ಕೂರಿಸಿ, ಉಪ್ಪಿಟ್ಟಿಗೆ ತುಪ್ಪ ಬಿಟ್ಟುಕೊಟ್ಟರು. ಬದುಕಿದ್ದ ನಮ್ಮಿಬ್ಬರಿಗೆ ಬಾಗಿಲಲ್ಲೇ ತಟ್ಟೆ. ತುಪ್ಪ ಇಲ್ಲ.

ಹೊಟೇಲಿನ ಮೇಲಿನ ಕೋಣೆಯಲ್ಲಿ ಎಂಟು ಜನಕ್ಕೆ ಒಂದು ನಲ್ಲಿ, ತಲೆ ಒರೆಸುವವರು ಯಾರೂ ಇಲ್ಲ. ಮುಂದಿನ ಭಾನುವಾರ ನಾನು, “ಗುಹೆಯಲ್ಲಿ ಏನೋ ಸದ್ದು,” ಅನ್ನೋದೇ ತಡ, ಹೊಟೇಲು ಎದ್ದು ನಿಂತ. “ನಾನು ಕತ್ತಿ ಬಿಸಾಡಿ ಒಳಗೆ ಓಡಿದೆ.”

೪. ಎರಡು ಸಾವು

ನಮ್ಮ ಬಿಲ್ಡಿಂಗಿಗೆ ಮಧ್ಯಾಹ್ನ ನೀರು ಬರೋದು ಮುಕ್ಕಾಲು ಗಂಟೆ. ಒಂದು ಭಾನುವಾರ ಬ್ಯಾಂಕೂ ಸತ್ತ, ಹೊಟೇಲೂ ಸತ್ತ. ಎರಡು ಸ್ನಾನ. ಮೊದಲನೇ ಮಾಳಿಗೆಯವರ ನಲ್ಲಿ ಒಣಗಿತು. ಬಿಲ್ಡಿಂಗಿನ ಉಸ್ತುವಾರಿ ನೋಡುವ ಸೊಸೈಟಿ ಸೆಕ್ರೆಟರಿ ಮೇಲೆ ಬಂದು, ಈ ಹೊತ್ತಿನಲ್ಲಿ ಇಷ್ಟು ನೀರು ಯಾಕೆ ಅಂತ ಕೇಳಿದರು.

ಅಜ್ಜಿ ತಮಗೆ ಬರುವ ಹಿಂದಿಯಲ್ಲಿ ಸತ್ಯ ಹೇಳಿದರು. “ಘರ್ ಮೇ ದೋ ಲಡ್ಕಾ ಮರ್ ಗಯಾ.”

ಸೆಕ್ರೆಟರಿ ಬಾಯಿ ಮೇಲೆ ಕೈ ಇಟ್ಟುಕೊಂಡು ಕೆಳಗೆ ಓಡಿದರು. ಕಾಲು ಗಂಟೆಯಲ್ಲಿ ಬಿಳಿ ಅಂಗಿ ತೊಟ್ಟು, ಐದಾರು ಜನರನ್ನು ಕಟ್ಟಿಕೊಂಡು, ಹಾರ ಹಿಡಿದು ಬಂದರು. ಒಳಗೆ ಹೊಟೇಲು ಒದ್ದೆ ತಲೆಯಲ್ಲಿ ಮಣೆ ಮೇಲೆ ಕೂತು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದ.

“ಯೇ ಕೌನ್ ಹೈ?” ಅಂತ ಸೆಕ್ರೆಟರಿ ಮೆಲ್ಲಗೆ ಕೇಳಿದರು.

“ಯೇ ಮರಾ ಹುವಾ ಹೈ,” ಅಂದರು ಅಜ್ಜಿ. “ದೂಸ್ರಾವಾಲಾ ನಹಾ ರಹಾ ಹೈ.” ಬಚ್ಚಲಿನಿಂದ ಬ್ಯಾಂಕು ಮೈಮೇಲೆ ನೀರು ಹುಯ್ದುಕೊಳ್ಳುವ ಸದ್ದು ಬಂತು.

ಮಾರನೇ ದಿನದಿಂದ ಸೆಕ್ರೆಟರಿ ಎರಡನೇ ಮಾಳಿಗೆಗೆ ನೀರು ಬಿಡುವ ವಾಲ್ವನ್ನು ಅರ್ಧ ಮುಚ್ಚಿಬಿಟ್ಟರು. ಮನೆ ಕೆಲಸಕ್ಕೆ ಖರ್ಚಾಗಿ ಮಧ್ಯಾಹ್ನಕ್ಕೆ ಉಳಿಯುತ್ತಿದ್ದದ್ದು ಒಂದೇ ಬಕೆಟ್. ಆ ದಪ್ಪ ಪುಸ್ತಕದಲ್ಲಿ ಯಾರು ಎಷ್ಟು ಸಾಯಬೇಕು ಅಂತ ಪುಟಗಟ್ಟಲೆ ಬರೆದಿತ್ತಂತೆ. ನಮ್ಮಲ್ಲಿ ಅದನ್ನು ತೀರ್ಮಾನ ಮಾಡಿದ್ದು ವಾಲ್ವು: ಭಾನುವಾರಕ್ಕೆ ಒಂದು ಹೆಣ.

೫. ಹನ್ನೊಂದನೇ ಸಲ

ಬ್ಯಾಂಕಿನ ಅಪ್ಪನಿಗೆ ಬೆಳಗಾವಿಗೆ ವರ್ಗವಾಯ್ತು. ಕೊನೆಯ ಭಾನುವಾರ ಸಾಮಾನೆಲ್ಲ ಕಟ್ಟಿಟ್ಟಿತ್ತು. ಮಾರನೇ ದಿನ ಲಾರಿ. ಅಷ್ಟು ಹೊತ್ತಿಗೆ ಹೊಟೇಲು ಹತ್ತು ಸಲ ಸತ್ತಿದ್ದ, ಹತ್ತು ಬಿಲ್ ಚೀಟಿ ಖರ್ಚಾಗಿತ್ತು.

ಬ್ಯಾಂಕು ನನ್ನ ಹತ್ತಿರ ಬಂದು, “ಇವತ್ತೊಂದು ದಿನ ಎಲ್ಲರೂ ಬದುಕಿ ಆ ರಾಕ್ಷಸನನ್ನ ಮುಗಿಸಬೇಕು ಕಣೋ. ಅರ್ಧಕ್ಕೆ ಬಿಟ್ಟು ಹೋದರೆ ನನಗೆ ಬೆಳಗಾವಿಯಲ್ಲಿ ನಿದ್ದೆ ಬರೋಲ್ಲ,” ಅಂದ.

ಹೊಟೇಲು ನನ್ನನ್ನು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದ. “ಇವತ್ತು ನನ್ನನ್ನು ಕೊಂದುಬಿಡು ಮಾರಾಯ. ನಾಳೆಯಿಂದ ಅಜ್ಜಿ ಇರುದಿಲ್ಲ.”

ಒಬ್ಬನಿಗೆ ಬದುಕಬೇಕು, ಒಬ್ಬನಿಗೆ ಸಾಯಬೇಕು, ಪುಸ್ತಕ ಓದೋಕೆ ನನಗೆ ಬರೋಲ್ಲ. ದಾಳವೇ ಹೇಳಲಿ ಅಂತ ಬಿಟ್ಟೆ.

ರಾಕ್ಷಸ ಬಾಯಿ ತೆರೆದ. ಹೊಟೇಲು ಕಣ್ಣು ಮುಚ್ಚಿ ದಾಳ ಎಸೆದ. ಅದು ಕಟ್ಟಿಟ್ಟ ಟ್ರಂಕಿಗೆ ಬಡಿದು ಉರುಳಿ ಬಂದು ನನ್ನ ಕಾಲ ಹತ್ತಿರ ನಿಂತಿತು. ಬಗ್ಗಿ ನೋಡಿ ಎತ್ತಿಕೊಂಡೆ.

“ಇಪ್ಪತ್ತು,” ಅಂದೆ. “ರಾಕ್ಷಸನ ತಲೆ ಹೋಯ್ತು. ಎಲ್ಲರೂ ಉಳಿದರು.”

ಬ್ಯಾಂಕು ಹಾಸಿಗೆ ಗಂಟಿನ ಮೇಲೆ ಹತ್ತಿ ಕುಣಿದ. ಹೊಟೇಲು ಕೂತಲ್ಲೇ ಕೂತಿದ್ದ. ಆಮೇಲೆ ಭುಜ ಅಲ್ಲಾಡಿತು, ಆಮೇಲೆ ಸದ್ದೂ ಬಂತು. ಅಜ್ಜಿ ಒಳಗಿಂದ ಬಂದರು.

“ಯಾಕೋ ಮಗು, ಸತ್ತೆಯಾ?”

“ಇಲ್ಲ ಅಜ್ಜಿ,” ಅಂತ ಹೊಟೇಲು ಬಿಕ್ಕಿದ. “ಬದುಕಿಬಿಟ್ಟೆ.”

ಅಜ್ಜಿ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಕಟ್ಟಿದ್ದ ಗಂಟು ಬಿಚ್ಚಿ ಟವೆಲ್ ತೆಗೆದು, ಅವನ ಒಣ ತಲೆಯನ್ನೇ ಬಲವಾಗಿ ಒರೆಸಿದರು. “ಬದುಕಿದವರೂ ಮಣೆ ಮೇಲೆ ಕೂರಬಹುದು ಕಣೋ. ಏಳು, ತುಪ್ಪ ಹಾಕ್ತೀನಿ.”

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಉಳೀತೀನಿ. ಆದರೆ ದಾಳದಲ್ಲಿ ಬಂದಿದ್ದು ಇಪ್ಪತ್ತಲ್ಲ, ಒಂದು. ನ್ಯಾಯವಾಗಿ ಹೊಟೇಲು ಸತ್ತಿದ್ದ. ಏನು ಮಾಡಲಿ, ಅವನಿಗೆ ಅಂತ ಇಟ್ಟಿದ್ದ ಆ ಒಂದೇ ಬಕೆಟ್ ನೀರನ್ನು ಆಟಕ್ಕೆ ಅರ್ಧ ಗಂಟೆ ಮುಂಚೆ, ವಾಲ್ವ್ ಮುಚ್ಚಿದ ಸಿಟ್ಟಿಗೆ, ಬಾಲ್ಕನಿಯಿಂದ ಸೆಕ್ರೆಟರಿಯ ತಲೆ ಮೇಲೆ ಸುರಿದುಬಿಟ್ಟಿದ್ದೆ. ಸತ್ತವನಿಗೆ ಸ್ನಾನವಿಲ್ಲ, ಸ್ನಾನವಿಲ್ಲದೆ ಉಪ್ಪಿಟ್ಟಿಲ್ಲ. ಅದಕ್ಕೇ ಅವನನ್ನು ಬದುಕಿಸಿ ಒಂದು ಅಂತ್ಯ ಕಟ್ಟಿ ಹೇಳಿದೆ. ಅವತ್ತು ನಮ್ಮ ಬಿಲ್ಡಿಂಗಿನಲ್ಲಿ ಸತ್ತವನೊಬ್ಬ, ಸ್ನಾನ ಆದವರು ಇನ್ನೊಬ್ಬರು.