ಕಿಟಕಿ ಕೇಳಿದ್ದಕ್ಕೆ

ರಗಳೆ ಶುರುವಾದದ್ದು ಬೆಳಗಿನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದದ್ದರಿಂದ.

“ನನ್ನನ್ನೇನು ನೋಡ್ತೀರಾ? ಈ ಕತ್ತಲೆ ಗವೀಲಿ ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ನೆಕ್ಕಿ ನೋಡ್ಬೇಕು! ಇವತ್ತು ಆ ಇಲಾಖೆ ಸಾಹೇಬ್ರು ಬಂದಾಗ ಕಿಟಕಿ ದೊಡ್ಡದು ಮಾಡೋಕೆ ಒಪ್ಪಿಗೆ ತಗೊಳ್ಳಿ. ಇಲ್ದಿದ್ರೆ ನಾಳೆಯಿಂದ ಅಡಿಗೆ ನಿಮ್ಮದೇ,” ಎಂದಳು ಹೆಂಡತಿ.

ಬಗ್ಗಯ್ಯ ತಲೆಯಾಡಿಸಿದ. ಮುತ್ತಜ್ಜನ ಕಾಲದ ಆ ಕಲ್ಲುಮನೆಯ ಗಿಡ್ಡ ಬಾಗಿಲುಗಳಲ್ಲಿ ಬಗ್ಗಿ ಬಗ್ಗಿಯೇ ಅವನಿಗೆ ಆ ಹೆಸರು ಬಂದಿತ್ತು. ಮೇಲೆ ಹಾಸಿಗೆ ಹಾಸಿ ಮಲಗುವಷ್ಟು ದಪ್ಪ ಗೋಡೆ, ಕಮಾನಿನ ಹಜಾರ, ಕೆತ್ತನೆಯ ಕಂಬ. ನೋಡಿದವರೆಲ್ಲ ಆಹಾ ಎನ್ನುವವರೇ, ಒಳಗೆ ಬಾಳುವವರ ಪಾಡು ಯಾರಿಗೆ ಬೇಕು? ಅಡಿಗೆಮನೆಗೆ ಇದ್ದದ್ದು ತಟ್ಟೆಯಗಲದ ಒಂದೇ ಕಿಟಕಿ. ಪುರಾತನ ಕಟ್ಟಡಗಳ ಇಲಾಖೆ ಒಪ್ಪದೆ ಅಲ್ಲೊಂದು ಮೊಳೆ ಹೊಡೆಯುವಂತಿರಲಿಲ್ಲ.

ಸಾಹೇಬರು ಬರುವ ಸುದ್ದಿ ತಿಳಿದು ಎದುರುಮನೆಯ ನಿವೃತ್ತ ಮೇಷ್ಟರು, ಪಕ್ಕದ ಮನೆಯ ದರ್ಜಿ ಕರೆಯದೆಯೇ ಬಂದರು.

“ಏನಯ್ಯಾ ಇದು, ಗೋಡೆ ಬಾಣಲೆ ತಳ ಇದ್ದ ಹಾಗಿದೆ! ಮೊದಲು ಮಸಿ ತೊಳಿ. ಚೊಕ್ಕಟವಾಗಿದ್ರೆ ಅರ್ಧ ಕೆಲಸ ಆದ ಹಾಗೆ,” ಎಂದರು ಮೇಷ್ಟರು.

“ಬೇಡ ಮೇಷ್ಟ್ರೇ, ಮಸಿ ನೋಡಿದ್ರೇನೇ ಅವರಿಗೆ ನಮ್ಮ ಕಷ್ಟ ಗೊತ್ತಾಗೋದು!” ಎಂದ ಬಗ್ಗಯ್ಯ.

ಕೇಳುವವರಾರು? ದರ್ಜಿ ಆಗಲೇ ಏಣಿ ಹತ್ತಿ ಕಿಟಕಿಯ ಸುತ್ತ ಗಸಗಸ ಉಜ್ಜತೊಡಗಿದ್ದ. ಏಣಿ ಹಿಡಿದು ನಿಂತ ಬಗ್ಗಯ್ಯನ ತಲೆಯ ಮೇಲೆ ಮಸಿನೀರಿನ ಬಕೆಟ್ಟು ಕವುಚಿಕೊಂಡಿತು. ಅಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು. ಓಡುವ ಗಡಿಬಿಡಿಯಲ್ಲಿ ಬಗ್ಗುವುದನ್ನು ಮರೆತ ಬಗ್ಗಯ್ಯ ಬಾಗಿಲ ಕಲ್ಲಿಗೆ ಹಣೆ ಚಚ್ಚಿಕೊಂಡ.

“ಯಜಮಾನ್ರನ್ನ ಕರೀಪ್ಪಾ,” ಎಂದರು ಸಾಹೇಬರು, ಅವನ ಕಪ್ಪು ಮುಖ ನೋಡಿ.

“ನಾನೇ ಸಾರ್,” ಎಂದ, ಹಣೆ ಉಜ್ಜಿಕೊಳ್ಳುತ್ತ.

ಸಾಹೇಬರು ಅಡಿಗೆಮನೆಗೆ ಬಂದು ತೊಳೆದ ಗೋಡೆಯನ್ನು ಬೆರಳಿನಿಂದ ಸವರಿದರು. ಅವರ ಕಣ್ಣು ಅರಳಿತು.

“ಮಸಿ ಇದ್ದಿದ್ರೆ ಇದು ಕಾಣ್ತಾನೇ ಇರ್ಲಿಲ್ಲ! ಗೋಡೆಗೆಲ್ಲ ಒಂದೇ ತರದ ಕಲ್ಲು. ಕಿಟಕಿ ಸುತ್ತ ಮಾತ್ರ ಬೇರೆ ಕಲ್ಲು, ಬೇರೆ ಗಾರೆ. ಈ ಕಿಟಕಿ ಮೂಲದ್ದಲ್ಲ ಕಣ್ರೀ, ಆಮೇಲೆ ಯಾರೋ ಗೋಡೆ ಒಡೆದು ಇಟ್ಟಿದ್ದು.”

ಬಗ್ಗಯ್ಯನಿಗೆ ಹೋದ ಜೀವ ಬಂದಂತಾಯಿತು. “ಅಂದ್ರೆ ಪುರಾತನ ಅಲ್ಲ! ಕಿತ್ತು ಹಾಕ್ಬಹುದಾ ಸಾರ್?”

“ಹಾಕ್ಲೇಬೇಕು.”

“ಕೇಳಿದ್ಯೇನೇ!” ಎಂದು ಹೆಂಡತಿಯನ್ನು ಕೂಗಿದ. ಮೇಷ್ಟರು ಮೀಸೆ ತಿರುವಿದರು.

“ನೀವೇನೂ ತೊಂದ್ರೆ ತಗೋಬೇಡಿ,” ಎಂದರು ಸಾಹೇಬರು. “ನಾಳೆ ನಮ್ಮವರೇ ಬಂದು ಕಿಟಕಿ ಕಿತ್ತು, ಮೊದಲಿದ್ದ ಹಾಗೇ ಪೂರ್ತಿ ಗೋಡೆ ಕಟ್ಟಿಕೊಡ್ತಾರೆ.”

ಹೆಂಡತಿ ಸೌಟನ್ನು ಅವನ ಕೈಗಿಟ್ಟು ಹೊರಗೆ ಹೋದಳು.

ಸಾಹೇಬರು ಹಜಾರದಲ್ಲಿ ಕುಳಿತು ಚಹಾ ಕೇಳಿದರು. ಬಗ್ಗಯ್ಯ ಒಲೆ ಹಚ್ಚಿ, ಡಬ್ಬಿಗಳನ್ನು ತಡಕಾಡಿ, ಬೆರಳಿಗೆ ಸಿಕ್ಕಿದ್ದನ್ನು ನೆಕ್ಕಿ ನೋಡಿದ.

ಉಪ್ಪು.